ಫ್ರಾನ್ಸ್‌ನ ಕಾಲುವೆಯಲ್ಲಿ ರಜೆ: ಚುಕ್ಕಾಣಿ ಯಾರ ಕೈಯಲ್ಲಿರಬೇಕು?

ಫ್ರಾನ್ಸ್‌ನ ಹಳ್ಳಿಗಾಡನ್ನು ಕಾಲುವೆಯ ದಾರಿಯಲ್ಲಿ ನೋಡಬೇಕೆಂದು ಹೊರಟವರಿಗೆ ಮೂರು ಆಯ್ಕೆಗಳಿವೆ. ದೋಣಿಯನ್ನು ಬಾಡಿಗೆಗೆ ಪಡೆದು ನಾವೇ ನಡೆಸುವುದು ಒಂದು. ನಾಯಕ, ಅಡುಗೆಯವರು, ಕೋಣೆ ಓರಣ ಮಾಡುವವರು ಎಲ್ಲರೂ ಇರುವ ಹೋಟೆಲ್ ಬಾರ್ಜ್‌ನಲ್ಲಿ ಅತಿಥಿಗಳಾಗಿ ಕೂರುವುದು ಇನ್ನೊಂದು. ದೋಣಿಯ ಗೊಡವೆಯೇ ಬೇಡವೆಂದು ಕಾಲುವೆಯ ಏರಿಯ ಮೇಲೆ ಸೈಕಲ್ ತುಳಿಯುವುದು ಮೂರನೆಯದು. ಮೂರನ್ನೂ ಮಾಡಿ ನೋಡಿದ್ದೇನೆ. ಬಾಡಿಗೆ ದೋಣಿಯನ್ನು ಅಕ್ಕ, ಭಾವನ ಜೊತೆ ದಕ್ಷಿಣದ ಕೆನಾಲ್ ದು ಮಿದಿಯಲ್ಲೂ ಬರ್ಗಂಡಿ ಸೀಮೆಯ ನಿವೆರ್ನೆ ಕಾಲುವೆಯಲ್ಲೂ ನಡೆಸಿದೆ. ಹೋಟೆಲ್ ಬಾರ್ಜ್‌ಗೆ ಅಮ್ಮನನ್ನು ಕರೆದುಕೊಂಡು ಬರ್ಗಂಡಿ ಕಾಲುವೆಗೆ ಹೋದೆ. ಸೈಕಲ್ ತುಳಿದದ್ದು ಎರಡೂ ಸೀಮೆಗಳಲ್ಲಿ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈ ರಜೆಯ ಜೀವ ಇರುವುದು ದೋಣಿಯನ್ನು ಏರಿಸಿ ಇಳಿಸುವ ಲಾಕ್‌ಗಳಲ್ಲಿ. ಲಾಕ್ ದಾಟುವ ಕೆಲಸಕ್ಕೆ ನಮ್ಮ ಕೈ ಎಷ್ಟು ಸೇರುತ್ತದೋ ರಜೆ ಅಷ್ಟು ರುಚಿಸುತ್ತದೆ. ಆ ಲೆಕ್ಕದಲ್ಲಿ ನಿವೆರ್ನೆ ಕಾಲುವೆ ಮತ್ತು ನಾವೇ ನಡೆಸುವ ದೋಣಿ, ಈ ಜೋಡಿಗೆ ಸಾಟಿಯಿಲ್ಲ.

ಲಾಕ್ ಎಂದರೆ ಎರಡು ಜೊತೆ ಬಾಗಿಲುಗಳ ನಡುವೆ ಕಟ್ಟಿದ ಕಲ್ಲಿನ ತೊಟ್ಟಿ. ಗುಡ್ಡ ಏರುವ ದೋಣಿ ಕೆಳಗಿನ ಬಾಗಿಲಿನಿಂದ ತೊಟ್ಟಿಯೊಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಮುಂದಿನ ಬಾಗಿಲಿನ ತೂಬುಗಳನ್ನು ತೆರೆದಾಗ ಮೇಲಿನ ನೀರು ನುಗ್ಗಿ ದೋಣಿಯನ್ನು ಎತ್ತುತ್ತದೆ. ಎರಡೂ ಕಡೆ ನೀರು ಸಮನಾದ ಮೇಲೆ ಬಾಗಿಲು ತಾನಾಗಿಯೇ ಹಗುರವಾಗುತ್ತದೆ. ಇಳಿಯುವಾಗ ಇದೇ ಕೆಲಸ ತಲೆಕೆಳಗು. ದೋಣಿಯನ್ನು ಎತ್ತಿ ಇಳಿಸಲು ಪಂಪ್ ಇಲ್ಲ, ಮೋಟರ್ ಇಲ್ಲ, ನೀರಿನ ಭಾರವೇ ಆ ಕೆಲಸ ಮಾಡುತ್ತದೆ. ಒಂದೇ ಎಚ್ಚರಿಕೆ ಬೇಕು: ದಡದ ಕಬ್ಬಿಣದ ಗೂಟಕ್ಕೆ ಹಗ್ಗವನ್ನು ಒಂದು ಸುತ್ತು ಹಾಕಿ ಕೈಯಲ್ಲೇ ಹಿಡಿದಿರಬೇಕು, ಎಂದೂ ಗಂಟು ಹಾಕಬಾರದು. ನೀರು ಇಳಿಯುವಾಗ ಗಂಟು ಹಾಕಿದ ದೋಣಿ ಹಗ್ಗದಲ್ಲೇ ನೇತಾಡುತ್ತದೆ. ಏರುವಾಗ ಸಡಿಲವಾದ ಹಗ್ಗವನ್ನು ಎಳೆದುಕೊಳ್ಳುತ್ತಿರಬೇಕು, ಇಳಿಯುವಾಗ ಸ್ವಲ್ಪಸ್ವಲ್ಪವೇ ಬಿಡುತ್ತಿರಬೇಕು.

ಹೆಸರಿನಲ್ಲಿ ಕೆನಾಲ್ ದು ಮಿದಿಗೆ ಎದುರಿಲ್ಲ. ಟೂಲೂಸ್‌ನಿಂದ ಮೆಡಿಟರೇನಿಯನ್ ಅಂಚಿನ ಥೋ ಹಿನ್ನೀರಿನವರೆಗೆ 240 ಕಿ.ಮೀ. ಇದನ್ನು ಕಟ್ಟಿಸಿದ ಪಿಯೆರ್ ಪೋಲ್ ರಿಕೆ ವೃತ್ತಿಯಿಂದ ಇಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆಯ ಗುತ್ತಿಗೆದಾರ. ಹದಿನಾಲ್ಕನೇ ಲೂಯಿಯ ಕಾಲದಲ್ಲಿ, 1666ರಲ್ಲಿ ಅನುಮತಿ ಪಡೆದು ತನ್ನ ಆಸ್ತಿಯನ್ನೂ ಸುರಿದ. 1681ರಲ್ಲಿ ಕಾಲುವೆ ತೆರೆದಾಗ ಅವನು ತೀರಿಕೊಂಡು ತಿಂಗಳುಗಳಾಗಿದ್ದವು. ಗುಡ್ಡದ ನೆತ್ತಿಯಲ್ಲಿ ಹರಿಯುವ ಕಾಲುವೆಗೆ ನೀರು ಎಲ್ಲಿಂದ ಬರಬೇಕು ಎನ್ನುವುದು ಅಲ್ಲಿಯವರೆಗೆ ಎಲ್ಲರನ್ನೂ ಸೋಲಿಸಿದ್ದ ಪ್ರಶ್ನೆ. ರಿಕೆ ಮೊಂತಾನ್ಯ ನ್ವಾರ್ ಬೆಟ್ಟದ ಹೊಳೆಗಳನ್ನು ಹಿಡಿದು, ಸಾಂ ಫೆರೆಯೋಲ್‌ನಲ್ಲಿ ದೊಡ್ಡ ಕೆರೆ ಕಟ್ಟಿಸಿ, ಅಲ್ಲಿನ ನೀರನ್ನು ನೊರೂಜ್ ಎಂಬ ಎತ್ತರದ ಜಾಗಕ್ಕೆ ತಂದ. ಅಲ್ಲಿಂದ ನೀರು ಒಂದು ಪಾಲು ಅಟ್ಲಾಂಟಿಕ್ ಕಡೆಗೂ ಇನ್ನೊಂದು ಪಾಲು ಮೆಡಿಟರೇನಿಯನ್ ಕಡೆಗೂ ಇಳಿಯುತ್ತದೆ. ಕೆರೆ, ಕೋಡಿ, ತೂಬುಗಳ ನಾಡಿನಿಂದ ಹೋದ ನನಗೆ ನೊರೂಜ್‌ನಲ್ಲಿ ನಿಂತಾಗ ಆದ ಸಂತೋಷ ಯಾವ ಕೋಟೆಯ ಮುಂದೆಯೂ ಆಗಲಿಲ್ಲ.

ಇಲ್ಲಿನ ಲಾಕ್‌ಗಳು ಮೊಟ್ಟೆಯಾಕಾರ. ಮೊದಲು ನೇರ ಗೋಡೆ ಕಟ್ಟಿದ್ದರು, ಮಣ್ಣಿನ ಒತ್ತಡಕ್ಕೆ ಅದು ಕುಸಿಯಿತು. ಆಮೇಲೆ ಕಮಾನನ್ನು ಮಲಗಿಸಿದ ಹಾಗೆ ಬಾಗಿದ ಗೋಡೆ ಕಟ್ಟಿದರು, ಅದು ಇಂದಿಗೂ ನಿಂತಿದೆ. ಬೆಜಿಯೆ ಪಟ್ಟಣದ ಬಳಿ ಫೊನ್ಸೆರಾನ್‌ನಲ್ಲಿ ಇಂಥ ತೊಟ್ಟಿಗಳು ಒಂದರ ಮೇಲೊಂದು ಜೋಡಿಸಿದ ಮೆಟ್ಟಿಲುಗಳಾಗಿ ಗುಡ್ಡ ಏರುತ್ತವೆ. ಮೂಲದಲ್ಲಿ ಎಂಟು ತೊಟ್ಟಿ, ಒಂಬತ್ತು ಬಾಗಿಲು, ಒಟ್ಟು 21 ಮೀಟರ್‌ಗೂ ಮೀರಿದ ಏರು. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಮಾಲ್ಪಾ ಸುರಂಗ. 1679ರ ಈ ಸುರಂಗದ ಉದ್ದ 165 ಮೀಟರ್ ಮಾತ್ರ. ಆದರೆ ಅದೇ ಗುಡ್ಡದೊಳಗೆ, ಕಾಲುವೆಯ ಕೆಳಗೆ, ರೈಲಿನ ಸುರಂಗವಿದೆ, ಹದಿಮೂರನೇ ಶತಮಾನದಲ್ಲಿ ಮೊಂತಾದಿ ಕೆರೆಯನ್ನು ಬತ್ತಿಸಲು ಕೊರೆದ ಚರಂಡಿಯೂ ಇದೆ. ದೋಣಿ ಕಟ್ಟಿ ಗುಡ್ಡ ಹತ್ತಿದರೆ ಬತ್ತಿದ ಆ ಕೆರೆಯಂಗಳದ ಹೊಲಗಳು ಬಂಡಿಚಕ್ರದ ಅರಗಳಂತೆ ನಡುವಿನ ಒಂದೇ ಬಿಂದುವಿನತ್ತ ಹರಿದಿರುವುದು ಕಾಣುತ್ತದೆ. ದಯವಿಟ್ಟು ಆ ಗುಡ್ಡವನ್ನು ಹತ್ತಿ. ಹೆಚ್ಚಿನ ದೋಣಿಗಳು ನಿಲ್ಲದೆ ಸುರಂಗ ದಾಟಿ ಹೋಗಿಬಿಡುತ್ತವೆ.

ಇಷ್ಟೆಲ್ಲ ಇದ್ದೂ ಮಿದಿಯನ್ನು ನಾನು ಎರಡನೆಯ ಸ್ಥಾನಕ್ಕೆ ಇಳಿಸುತ್ತೇನೆ. ಕಾರಣ ಒಂದು, ಜನಸಂದಣಿ. ಜುಲೈ, ಆಗಸ್ಟ್ ತಿಂಗಳಲ್ಲಿ ಲಾಕ್‌ಗಳ ಮುಂದೆ ದೋಣಿಗಳು ಸಾಲುಗಟ್ಟುತ್ತವೆ. ಫೊನ್ಸೆರಾನ್‌ನಲ್ಲಿ ಏರುವುದಕ್ಕೊಂದು ಹೊತ್ತು, ಇಳಿಯುವುದಕ್ಕೊಂದು ಹೊತ್ತು, ತಪ್ಪಿದರೆ ಅರ್ಧ ದಿನ ಕಾಯಬೇಕು. ಕಾರಣ ಎರಡು, ಇಲ್ಲಿನ ಲಾಕ್‌ಗಳ ಬಾಗಿಲು, ತೂಬುಗಳು ವಿದ್ಯುತ್ತಿನಿಂದ ನಡೆಯುತ್ತವೆ. ನಮಗೆ ಹಗ್ಗ ಹಿಡಿಯುವ ಕೆಲಸ ಮಾತ್ರ. ಬೆಜಿಯೆಯಿಂದ ಪಶ್ಚಿಮಕ್ಕೆ 54 ಕಿ.ಮೀ. ದೂರ ಒಂದು ಲಾಕ್ ಕೂಡ ಇಲ್ಲ. ಅದನ್ನೇ ಇಷ್ಟಪಡುವವರಿದ್ದಾರೆ, ನಮ್ಮ ಭಾವ ಅವರಲ್ಲೊಬ್ಬರು. ದ್ರಾಕ್ಷಿ ತೋಟಗಳ ನಡುವೆ ತೇಲುತ್ತಾ ಅವರು ಪುಸ್ತಕ ಮುಗಿಸಿದರು. ನನಗೆ ಎರಡನೆಯ ದಿನಕ್ಕೇ ಕೈ ತುರಿಸತೊಡಗಿತು.

ಮೂರನೆಯ ಕಾರಣ ದುಃಖದ್ದು. ದಂಡೆಯ ಎರಡೂ ಬದಿಗೆ ನೆರಳು ಕೊಡುತ್ತಿದ್ದ, ಪ್ಲೇನ್ ಎಂಬ ಜಾತಿಯ ಮರಗಳು ಸುಮಾರು 42,000 ಇದ್ದವು. ಅವುಗಳ ಒಳಗನ್ನು ಒಣಗಿಸುವ ಶಿಲೀಂಧ್ರ 2006ರಲ್ಲಿ ಇಲ್ಲಿ ಪತ್ತೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಮೂಲಕ ಅದು ಫ್ರಾನ್ಸ್‌ಗೆ ಕಾಲಿಟ್ಟಿತೆಂದು ಹೇಳುತ್ತಾರೆ. ಮದ್ದಿಲ್ಲದ ರೋಗವಾದ್ದರಿಂದ ಸಾವಿರಾರು ಮರಗಳನ್ನು ಕಡಿದು ಸುಟ್ಟಿದ್ದಾರೆ, ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಲ ಸೊಮೈ ಹಳ್ಳಿಯ ಸೇತುವೆ, ಹಳೆಯ ಪುಸ್ತಕದಂಗಡಿ, ಪುಟ್ಟ ಪ್ರಾರ್ಥನಾ ಮಂದಿರ ಈಗಲೂ ಚೆಂದ. ಆದರೆ ಪ್ರಚಾರದ ಚಿತ್ರಗಳಲ್ಲಿ ಕಾಣುವ ಹಸಿರು ಚಪ್ಪರವನ್ನೇ ನಿರೀಕ್ಷಿಸಿ ಹೋದರೆ ಎಷ್ಟೋ ಕಡೆ ಬಿಸಿಲು ನೆತ್ತಿಗೇ ಹೊಡೆಯುತ್ತದೆ.

ಬರ್ಗಂಡಿ ಕಾಲುವೆಯ ಹೋಟೆಲ್ ಬಾರ್ಜ್ ಬೇರೆಯದೇ ಲೋಕ. ಹಿಂದೆ ಧಾನ್ಯ, ಮರಳು ಹೊರುತ್ತಿದ್ದ 38 ಮೀಟರ್ ಉದ್ದದ ಸರಕು ದೋಣಿಗಳನ್ನೇ ಕೋಣೆ, ಸ್ನಾನದ ಮನೆ, ಊಟದ ಹಜಾರ ಮಾಡಿ ಬದಲಾಯಿಸಿರುತ್ತಾರೆ. 1879ರಲ್ಲಿ ಮಂತ್ರಿ ಫ್ರೆಸಿನೆ ದೇಶದ ಮುಖ್ಯ ಕಾಲುವೆಗಳ ಲಾಕ್‌ಗಳಿಗೆಲ್ಲ ಒಂದೇ ಅಳತೆ ಗೊತ್ತುಮಾಡಿದ. ಆ ಅಳತೆಗೆ ಸರಿಯಾಗಿ ಕಟ್ಟಿದ ಬಾರ್ಜ್ ಲಾಕ್‌ನೊಳಗೆ ನುಗ್ಗುವಾಗ ಎರಡೂ ಕಡೆ ಅಂಗೈಯಗಲ ಜಾಗ ಮಾತ್ರ ಉಳಿಯುತ್ತದೆ. ನಾಯಕನ ಕೈಚಳಕ ನೋಡುವುದಕ್ಕೇ ಟಿಕೆಟ್ ಕೊಡಬಹುದು. 242 ಕಿ.ಮೀ. ಉದ್ದದ ಈ ಕಾಲುವೆಗೆ 189 ಲಾಕ್‌ಗಳು. ನೆತ್ತಿಯಲ್ಲಿ ಪುಯಿ ಎಂಬ ಊರಿನ ಅಡಿಯಲ್ಲಿ 3,333 ಮೀಟರ್ ಸುರಂಗ. ಒಂದು ವಾರದಲ್ಲಿ ಇದರ ಒಂದು ತುಂಡನ್ನಷ್ಟೇ ನೋಡಲು ಸಾಧ್ಯ.

ಊಟ, ಹಾಸಿಗೆ, ಉಪಚಾರ ಯಾವುದರಲ್ಲೂ ಕೊರತೆಯಿಲ್ಲ. ಮೊದಲೇ ಬರೆದು ತಿಳಿಸಿದ್ದರಿಂದ ಅಮ್ಮನಿಗೆ ಮಾಂಸ, ಮೊಟ್ಟೆ ಇಲ್ಲದ ಅಡುಗೆ ಪ್ರತಿ ಹೊತ್ತಿಗೂ ಹೊಸದಾಗಿ ಬಂತು. ಮಧ್ಯಾಹ್ನ ವ್ಯಾನಿನಲ್ಲಿ ಬೋನ್ ಪಟ್ಟಣಕ್ಕೆ ಕರೆದೊಯ್ದು 1443ರಲ್ಲಿ ಬಡರೋಗಿಗಳಿಗಾಗಿ ಸ್ಥಾಪಿಸಿದ ಆಸ್ಪತ್ರೆಯನ್ನು, ಅದರ ಬಣ್ಣದ ಹೆಂಚಿನ ಮಾಡನ್ನು ತೋರಿಸಿದರು. ಗುಡ್ಡದ ಮೇಲಿನ ಶಾತೊನೆಫ್ ಕೋಟೆಯ ಊರು ಕಾಲುವೆಯಿಂದಲೇ ಗಂಟೆಗಟ್ಟಲೆ ಕಾಣುತ್ತಿತ್ತು, ಅಷ್ಟು ನಿಧಾನ. ಲಾಕ್ ಬಂದಾಗಲೆಲ್ಲ ಇಬ್ಬರು ಹುಡುಗರು ಚಂಗನೆ ದಡಕ್ಕೆ ಹಾರಿ ಹಗ್ಗ ಎಸೆಯುವುದನ್ನು ಅಮ್ಮ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದಳು. ಮಂಡಿ ನೋವಿನವಳು, ಆದರೂ ಒಂದು ಸಂಜೆ ಕೇಳಿದಳು: "ಎಲ್ಲ ಕೆಲಸ ಇವರೇ ಮಾಡುತ್ತಾರಲ್ಲ, ನನಗೂ ಒಂದು ಹಗ್ಗ ಹಿಡಿಯಲು ಕೊಡಬಾರದೇನೋ?" ಹೋಟೆಲ್ ಬಾರ್ಜ್ ಬಗ್ಗೆ ನನ್ನ ತಕರಾರು ಇದೊಂದೇ. ಖರ್ಚು ಮಾತ್ರ ತಲೆಗೆ ಸಾವಿರಾರು ಯೂರೋ. ಅಷ್ಟೇ ಹಣದಲ್ಲಿ ಒಂದು ಕುಟುಂಬವೇ ವಾರವಿಡೀ ಬಾಡಿಗೆ ದೋಣಿಯಲ್ಲಿ ಇದ್ದುಬರಬಹುದು.

ಈಗ ನಿವೆರ್ನೆ. ಓಸೆರ್‌ನಿಂದ ದೆಸೀಜ್‌ವರೆಗೆ 174 ಕಿ.ಮೀ., ಸುಮಾರು 110 ಲಾಕ್‌ಗಳು. ಮೊರ್ವಾಂ ಕಾಡಿನ ಸೌದೆಯನ್ನು ಪ್ಯಾರಿಸ್‌ನ ಒಲೆಗಳಿಗೆ ಸಾಗಿಸಲೆಂದು 1784ರಲ್ಲಿ ಅಗೆಯತೊಡಗಿದ ಕಾಲುವೆ ಇದು. ಅದಕ್ಕೂ ಮೊದಲು ಕ್ಲಾಮ್ಸಿ ಊರಿನ ಜನ ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ ಯೋನ್ ನದಿಯಲ್ಲಿ ತೇಲಿಬಿಡುತ್ತಿದ್ದರು. ಸೌದೆಯ ಕಾಲ ಮುಗಿದು, ಸರಕೆಲ್ಲ ರೈಲು, ಲಾರಿಗಳ ಪಾಲಾಗಿ, ಕಾಲುವೆ ಮುಚ್ಚುವ ಸ್ಥಿತಿಗೆ ಬಂದಿತ್ತು. 1960ರ ದಶಕದಿಂದ ಬಂದ ಬಾಡಿಗೆ ದೋಣಿಗಳೇ ಅದನ್ನು ಉಳಿಸಿದವು. ನಡುಭಾಗದ ಲಾಕ್‌ಗಳನ್ನು ಫ್ರೆಸಿನೆ ಅಳತೆಗೆ ಹಿಗ್ಗಿಸಲೇ ಇಲ್ಲ, ಆದ್ದರಿಂದ ಪೂರ್ಣ ಉದ್ದದ ಬಾರ್ಜ್‌ಗಳು ಅಲ್ಲಿಗೆ ಬರಲಾರವು. ಹಿಂದಿನವರು ಖರ್ಚಿಗೆ ಹಿಂಜರಿದದ್ದು ಇಂದಿನ ಪ್ರವಾಸಿಗೆ ಭಾಗ್ಯವಾಗಿದೆ.

ಇಲ್ಲಿ ಬಹುಪಾಲು ಲಾಕ್‌ಗಳನ್ನು ಈಗಲೂ ಕೈಯಿಂದಲೇ ನಡೆಸುತ್ತಾರೆ. ಲಾಕ್ ಕಾಯುವವರು ಒಂದು ಬದಿಯ ಬಾಗಿಲನ್ನು ನೋಡಿಕೊಂಡರೆ ಇನ್ನೊಂದು ಬದಿಗೆ ನೀವು ಹೋಗುತ್ತೀರಿ. ಹಿಡಿಕೆ ತಿರುಗಿಸಿದಂತೆ ಹಲ್ಲುಗಾಲಿ ಕಟಕಟ ಎನ್ನುತ್ತಾ ತೂಬಿನ ಹಲಗೆಯನ್ನು ಒಂದೊಂದೇ ಹಲ್ಲು ಮೇಲೆತ್ತುತ್ತದೆ. ಅಂಗೈಗೆ ಕರಿ ಗ್ರೀಸ್ ಹತ್ತುತ್ತದೆ. ಮೊದಲು ಏನೂ ಆಗದು, ಆಮೇಲೆ ಕಾಲ ಕೆಳಗಿನ ಕಲ್ಲು ಸಣ್ಣಗೆ ನಡುಗುತ್ತದೆ, ಬಾಗಿಲಿನ ಬುಡದಲ್ಲಿ ನೀರು ಬೆಳ್ಳಗೆ ಉಕ್ಕುತ್ತದೆ. ಅರ್ಧ ತೆರೆದು ನಿಲ್ಲಿಸಬೇಕು, ಕೆಳಗೆ ದೋಣಿಯಲ್ಲಿರುವ ಅಕ್ಕ ಹಗ್ಗ ಬಿಗಿಯಾಯಿತೆಂದು ಕೈಯೆತ್ತಿದ ಮೇಲೆ ಉಳಿದರ್ಧ. ಪಾಚಿಗಟ್ಟಿದ ಗೋಡೆ ಸಾಲುಸಾಲಾಗಿ ಮುಳುಗಿ, ಆಳದಲ್ಲಿದ್ದ ಅಕ್ಕನ ಮುಖ ನನ್ನ ಪಾದದ ಮಟ್ಟಕ್ಕೆ, ಮಂಡಿಯ ಮಟ್ಟಕ್ಕೆ ಏರಿಬರುತ್ತದೆ. ನೀರು ಸಮನಾದ ಕೂಡಲೇ ಬೆನ್ನುಕೊಟ್ಟು ತಳ್ಳಿದರೆ ಅಷ್ಟು ಭಾರದ ಬಾಗಿಲು ಒಪ್ಪಿಕೊಂಡು ಸರಿಯುತ್ತದೆ. ಎಷ್ಟು ಲಾಕ್ ದಾಟಿದರೂ ಆ ಕ್ಷಣ ನನಗೆ ಹಳತಾಗಲಿಲ್ಲ.

ಕಾಯುವವರಲ್ಲಿ ಬೇಸಿಗೆ ಕೆಲಸಕ್ಕೆ ಬಂದ ವಿದ್ಯಾರ್ಥಿಗಳೂ ಇರುತ್ತಾರೆ. ಕೆಲವು ಲಾಕ್ ಮನೆಗಳಲ್ಲಿ ತೋಟದ ಸೊಪ್ಪು, ಮೊಟ್ಟೆ, ಜೇನು ಮಾರುತ್ತಾರೆ. ಸಾರ್ದಿಯ ಬಳಿ ಹದಿನಾರು ಲಾಕ್‌ಗಳು ಒಂದರ ಹಿಂದೊಂದು ಬರುತ್ತವೆ. ಅವನ್ನು ಏರಿ ಮುಗಿಸಿದರೆ ಜರೀಗಿಡ, ಬಳ್ಳಿಗಳು ಇಳಿಬಿದ್ದ ಕಡಿದಾದ ಕಣಿವೆ, ಅದರಾಚೆ ಲಾ ಕೊಲಾನ್ಸೆಲ್‌ನ ಮೂರು ಸುರಂಗಗಳು. ಒಮ್ಮೆಗೆ ಒಂದು ದಿಕ್ಕಿನ ದೋಣಿಗಳಿಗೆ ಮಾತ್ರ ಪ್ರವೇಶ. ಉತ್ತರದಲ್ಲಿ ಸೊಸ್ವಾ ಬಂಡೆಗಳ ಕೆಳಗೆ ದೋಣಿ ಕಟ್ಟಿದರೆ ಬಂಡೆ ಹತ್ತುವವರನ್ನು ನೋಡುತ್ತಾ ರಾತ್ರಿಯೂಟ ಮಾಡಬಹುದು.

ಅಡುಗೆಯ ಮಾತು ನಮ್ಮವರಿಗೆ ಮುಖ್ಯ. ಬಾಡಿಗೆ ದೋಣಿಯಲ್ಲಿ ಗ್ಯಾಸ್ ಒಲೆ, ಫ್ರಿಜ್, ಪಾತ್ರೆ ಇರುತ್ತವೆ. ಗೋಧಿ ರವೆ ಫ್ರಾನ್ಸ್‌ನ ಯಾವ ಅಂಗಡಿಯಲ್ಲೂ ಸಿಗುವುದರಿಂದ ಉಪ್ಪಿಟ್ಟಿಗೆ ಚಿಂತೆಯಿಲ್ಲ. ಸಾಸಿವೆ, ಇಂಗು, ಸಾರಿನ ಪುಡಿ ಒಯ್ದರೆ ಸಾಕು. ಸಸ್ಯಾಹಾರಿಗಳು ಎರಡು ವಿಷಯ ಗಮನಿಸಬೇಕು: ಮಿದಿ ದಂಡೆಯ ಕಾಸ್ತೆಲ್‌ನೋದಾರಿಯ ಹೆಸರಾಂತ ಹುರುಳಿಕಾಯಿ ಬೀಜದ ಖಾದ್ಯ ಕಾಸ್ಸುಲೆಯಲ್ಲಿ ಮಾಂಸ ಇರುತ್ತದೆ. ಸಾಂಪ್ರದಾಯಿಕ ಫ್ರೆಂಚ್ ಗಿಣ್ಣಿನ ಎಷ್ಟೋ ಬಗೆಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಚೀಟಿ ಓದಿಯೇ ಕೊಳ್ಳಿ.

ಸೈಕಲ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅತ್ಯಂತ ಅಗ್ಗ, ಊರೊಳಗೆ ನುಗ್ಗಲು ಅನುಕೂಲ, ಬರ್ಗಂಡಿ ಕಡೆಯ ದಾರಿ ನುಣುಪು. ಮಿದಿಯಲ್ಲಿ ಕಾರ್ಕಸೋನ್ ದಾಟಿದ ಮೇಲೆ ಬೇರುಗಳು ಎದ್ದು ದಾರಿ ಒರಟಾಗುತ್ತದೆ. ಆದರೆ ಸೈಕಲ್ಲಿನ ಮೇಲಿಂದ ಕಾಲುವೆ ಬರೀ ಬದಿಯ ನೋಟ. ಲಾಕ್ ಬಂದಾಗ ನಿಂತು ನೋಡುತ್ತೀರಿ, ಆಮೇಲೆ ಮುಂದೆ ಹೋಗುತ್ತೀರಿ. ಬಾಡಿಗೆ ದೋಣಿಯ ಮೇಲೆಯೇ ಎರಡು ಸೈಕಲ್ ಹಾಕಿಕೊಂಡು ಹೋಗುವುದು ನನ್ನ ಸಲಹೆ. ಬೆಳಗಿನ ಬ್ರೆಡ್ ತರಲು ಅದೇ ಸಾಕು.

ಹಾಗಾದರೆ ಯಾರಿಗೆ ಯಾವುದು? ವಯಸ್ಸಾದ ತಂದೆತಾಯಿಯರ ಜೊತೆ, ಕೈಯಲ್ಲಿ ಹಣವಿದ್ದು ಹೋಗುವವರು ಕಣ್ಣುಮುಚ್ಚಿ ಹೋಟೆಲ್ ಬಾರ್ಜ್ ಹಿಡಿಯಿರಿ, ಆದರೆ ಒಂದು ಲಾಕ್‌ನಲ್ಲಾದರೂ ಅವರ ಕೈಗೆ ಹಗ್ಗ ಕೊಡಿಸಿ. ಬಿಸಿಲು, ದ್ರಾಕ್ಷಿ ತೋಟ, ಚರಿತ್ರೆ ಬೇಕು, ದುಡಿಮೆ ಬೇಡ ಎನ್ನುವವರಿಗೆ ಮಿದಿ, ಅದೂ ಮೇ ಅಥವಾ ಸೆಪ್ಟೆಂಬರ್‌ನಲ್ಲಿ. ಕಾಲುಕೈ ಗಟ್ಟಿ ಇರುವ ಮೂರು ನಾಲ್ಕು ಜನ ಒಟ್ಟಾಗಿದ್ದರೆ ನಿವೆರ್ನೆ ಬಿಟ್ಟು ಬೇರೆ ಯೋಚಿಸಬೇಡಿ. ಇಬ್ಬರೇ ಆದರೆ ಅಲ್ಲಿ ಸುಸ್ತಾಗುತ್ತದೆ, ಒಬ್ಬರು ಚುಕ್ಕಾಣಿ ಹಿಡಿದರೆ ಹಗ್ಗಕ್ಕೂ ತೂಬಿಗೂ ಇನ್ನೊಬ್ಬರೇ ಓಡಬೇಕು.

ದೋಣಿ ನಡೆಸಲು ಪರವಾನಗಿ ಬೇಕಿಲ್ಲ, ಬಾಡಿಗೆ ಕೊಡುವವರೇ ಪಾಠ ಹೇಳಿ ತಾತ್ಕಾಲಿಕ ಪತ್ರ ಕೊಡುತ್ತಾರೆ. ವೇಗ ಗಂಟೆಗೆ 6ರಿಂದ 8 ಕಿ.ಮೀ. ಮೀರುವಂತಿಲ್ಲ. ಡೀಸೆಲ್ ಲೆಕ್ಕ ಇಂಜಿನ್ ಓಡಿದ ಗಂಟೆಗಳ ಮೇಲೆ ಬೇರೆಯಾಗಿ ಬರುವುದುಂಟು, ಮುಂಗಡ ಕೊಡುವ ಮೊದಲು ಕೇಳಿಕೊಳ್ಳಿ. ಮಧ್ಯಾಹ್ನದ ಊಟದ ಹೊತ್ತಿಗೆ ಲಾಕ್‌ಗಳು ಮುಚ್ಚುತ್ತವೆ, ಸಂಜೆಯ ಮೇಲೆ ತೆರೆಯುವುದೇ ಇಲ್ಲ. ಬರ್ಗಂಡಿ, ನಿವೆರ್ನೆ ಎರಡೂ ಕಡೆ ಮಳೆ ಕಡಿಮೆಯಾದ ವರ್ಷ ಬೇಸಿಗೆಯ ಕೊನೆಗೆ ನೀರಿಲ್ಲದೆ ಕೆಲವು ಭಾಗಗಳನ್ನು ನಿಲ್ಲಿಸಿಬಿಡುತ್ತಾರೆ. ಅಲ್ಲಿಗೆ ಹೋಗುವವರು ಮೇ, ಜೂನ್ ತಿಂಗಳನ್ನೇ ಆರಿಸಿಕೊಳ್ಳಿ, ಹೊರಡುವ ವಾರ ಜಲಮಾರ್ಗ ಇಲಾಖೆ ವಿಎನ್‌ಎಫ್‌ನ ಸೂಚನೆಗಳನ್ನು ನೋಡಿಕೊಂಡು ಹೊರಡಿ.