ಪಿಡಬ್ಲ್ಯು-5: ಮೂತಿ ನೋಡಿ ಬೇಡ ಅನ್ನಬೇಡಿ

ನಾಲ್ಕು ಸೀಸನ್‌ನಿಂದ ಪಿಡಬ್ಲ್ಯು-5 ಅನ್ನುವ ಈ ಪುಟ್ಟ ಗ್ಲೈಡರ್, ಅಂದರೆ ಎಂಜಿನ್ ಇಲ್ಲದ ವಿಮಾನ, ಹಾರಿಸುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಮೊದಲ ದಿನ ಟ್ರೇಲರ್‌ನಿಂದ ಹೊರಗೆಳೆದಾಗ ಗೆಳೆಯನೊಬ್ಬ "ಇದೇನೋ ಗೊದಮೊಟ್ಟೆ ಥರ ಇದೆ" ಅಂದ. ನಿಜವೇ, ಮುಂದೆ ದುಂಡಗೆ, ಹಿಂದೆ ಸಣ್ಣ ಬಾಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಈಗ ನನಗೆ ಚೆನ್ನಾಗೇ ಕಾಣುತ್ತದೆ.

ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು ಇದು. ಅಡ್ಡಹೆಸರು ಸ್ಮಿಕ್, ಪೋಲಿಷ್ ಭಾಷೆಯಲ್ಲಿ ಪುಟಾಣಿ ಮಗು ಅಂತ. ಎಲ್ಲರೂ ಒಂದೇ ಮಾದರಿಯ ಅಗ್ಗದ ಗ್ಲೈಡರ್ ಹಾರಿಸಲಿ, ದುಡ್ಡಿನ ಬಲವಲ್ಲ, ಪೈಲಟ್‌ನ ಕೌಶಲ ಗೆಲ್ಲಲಿ ಅನ್ನುವ 'ವರ್ಲ್ಡ್ ಕ್ಲಾಸ್' ಸ್ಪರ್ಧೆಗೆ ಇದನ್ನೇ ಆರಿಸಿದರು. 1997ರಲ್ಲಿ ಟರ್ಕಿಯ ಇನೋನುವಿನಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಆ ಕನಸು ಅಂದುಕೊಂಡಷ್ಟು ದೂರ ಹೋಗಲಿಲ್ಲ, ಅದು ಬೇರೆ ಮಾತು.

ರೆಕ್ಕೆಯ ತುದಿಯಿಂದ ತುದಿಗೆ 13.44 ಮೀಟರ್, ಖಾಲಿ ತೂಕ ಸುಮಾರು 190 ಕೆಜಿ. ಟ್ರೇಲರ್‌ನಿಂದ ತೆಗೆದು ರೆಕ್ಕೆ ಜೋಡಿಸಲು ಇಬ್ಬರಿದ್ದರೆ ಸಾಕು, ಯಾರ ಕಾಲೂ ಹಿಡಿಯಬೇಕಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ವಿಷಯ. ಮೊದಲು ಪಾಲುದಾರಿಕೆಯಲ್ಲಿ ಒಂದು ಭಾರೀ ಗ್ಲೈಡರ್ ಇತ್ತು, ಜೋಡಿಸಲು ಜನ ಸೇರುವಷ್ಟರಲ್ಲಿ ಒಳ್ಳೆ ಥರ್ಮಲ್ (ಗ್ಲೈಡರನ್ನು ಮೇಲೆತ್ತುವ ಬಿಸಿಗಾಳಿ) ಎಲ್ಲಾ ಬೇರೆಯವರ ಪಾಲಾಗಿರುತ್ತಿತ್ತು. ಹಾಗಂತ ಆತುರ ಬೇಡ. ಜೋಡಿಸಿದ ಮೇಲೆ ಒಬ್ಬರು ಏಲರಾನ್ (ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಪಟ್ಟಿ) ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಇನ್ನೊಬ್ಬರು ಒಳಗಿಂದ ಸ್ಟಿಕ್ ಒತ್ತಬೇಕು. ಕೈಗೆ ಬಲ ತಾಗಿದರೆ ಮಾತ್ರ ಕೊಂಡಿ ಕೂತಿದೆ ಅಂತ ಅರ್ಥ. ಬಾಲದ ಎಲಿವೇಟರ್, ರಡ್ಡರ್, ರೆಕ್ಕೆಯಿಂದ ಮೇಲೆದ್ದು ಗ್ಲೈಡರನ್ನು ಇಳಿಸುವ ಏರ್‌ಬ್ರೇಕ್‌ಗೂ ಹಾಗೇ. ನಾನಂತೂ ಎಷ್ಟೇ ತಡವಾದರೂ ಇದನ್ನು ಬಿಡುವುದಿಲ್ಲ.

ಮೇಲೆ ಹೋದ ಮೇಲೆ ಇದರ ನಿಜವಾದ ಗುಣ ಗೊತ್ತಾಗುತ್ತದೆ. ನಿಧಾನವಾಗಿ ಹಾರುವುದರಿಂದ ಸುತ್ತು ಚಿಕ್ಕದು. 45 ಡಿಗ್ರಿ ವಾಲಿಸಿ ಗಂಟೆಗೆ 80 ಕಿಮೀ ವೇಗದಲ್ಲಿ ತಿರುಗಿದರೆ ಸುತ್ತಿನ ತ್ರಿಜ್ಯ 50 ಮೀಟರ್ ಅಷ್ಟೇ, ಅದೇ 100ರಲ್ಲಿ ಹೋದರೆ ಸುಮಾರು 80. ಕಿರಿದಾದ ಥರ್ಮಲ್‌ನಲ್ಲಿ ಈ ಮೂವತ್ತು ಮೀಟರೇ ಎಲ್ಲಾ. ಒಂದು ಸಂಜೆ ಬಿಸಿಲು ಸೋತಿತ್ತು, ಏರಿಳಿತ ತೋರಿಸುವ ವೇರಿಯೋಮೀಟರ್ ಅರೆಮನಸ್ಸಿನಲ್ಲಿ ಪೀಂ ಅನ್ನುತ್ತಿತ್ತು, ಕ್ಯಾನೊಪಿ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ) ಮೇಲಿನ, ಗ್ಲೈಡರ್ ಅಡ್ಡ ಜಾರುತ್ತಿದೆಯೇ ಅಂತ ತೋರಿಸುವ ಉಣ್ಣೆದಾರ ನೆಟ್ಟಗೆ ನಿಂತಿತ್ತು, ಎದುರಿಗೆ ಒಂದು ಹದ್ದು. ಅದರ ಸುತ್ತಿನೊಳಗೇ ನುಸುಳಿದೆ. ನನಗಿಂತ ಮೊದಲೇ ಏರ್‌ಟೋ (ಎಳೆದೊಯ್ಯುವ ವಿಮಾನದ ಹಗ್ಗ) ಬಿಟ್ಟಿದ್ದ ಉದ್ದ ರೆಕ್ಕೆಯ ಎರಡು ಗ್ಲೈಡರ್ ಆಗಲೇ ಇಳಿದು ರನ್‌ವೇ ಪಕ್ಕ ನಿಂತಿದ್ದವು. ನಾನು ಇನ್ನೂ ನಲವತ್ತು ನಿಮಿಷ ಮೇಲೇ ಇದ್ದೆ. ಸ್ವಲ್ಪ ಜಂಬ ಬಂತು, ಸುಳ್ಳು ಯಾಕೆ ಹೇಳಲಿ.

ಆ ಜಂಬ ಇಳಿಸಿದ್ದು ಎದುರುಗಾಳಿ. ಗಾಳಿ ಇಲ್ಲದಾಗ ಇದರ ಗ್ಲೈಡ್ ಅನುಪಾತ ಸುಮಾರು 32, ಅಂದರೆ ಸಾವಿರ ಮೀಟರ್ ಎತ್ತರದಿಂದ 32 ಕಿಮೀ. ಆ ದೂರ ಸಿಗುವುದು 80ರ ಆಸುಪಾಸಿನ ವೇಗದಲ್ಲಿ. ಎದುರಿಗೆ 40 ಕಿಮೀ ಗಾಳಿ ಬಂತು ಅಂದರೆ ನೆಲದ ಲೆಕ್ಕದಲ್ಲಿ ಅರ್ಧಕ್ಕರ್ಧ ಹೋಯಿತು. ವೇಗ ಹೆಚ್ಚಿಸೋಣ ಅಂದರೆ ಈ ಹಗುರ ದೇಹ ಎತ್ತರವನ್ನು ಬೇಗ ಬೇಗ ಕಳೆದುಕೊಳ್ಳುತ್ತದೆ. ಗಾಳಿಯ ಜೊತೆ ಖುಷಿಯಾಗಿ ದೂರ ಹೋಗಿ ವಾಪಸ್ ಬರಲಾಗದೆ ಕಟಾವಾದ ಹೊಲದಲ್ಲಿ ಇಳಿದೆ. ತಪ್ಪು ನನ್ನದೇ, ಲೆಕ್ಕ ಹಾಕದೆ ಹೋಗಿದ್ದೆ. ಇಳಿದದ್ದು ಮಾತ್ರ ಸಲೀಸು, ಏರ್‌ಬ್ರೇಕ್ ಪೂರ್ತಿ ತೆರೆದು ನಿಧಾನವಾಗಿ ಬಂದರೆ ಜಾಸ್ತಿ ಜಾಗ ಬೇಡ. ಚಕ್ರ ಮಡಚುವಂಥದ್ದಲ್ಲ, ಹಾಗಾಗಿ ಗಾಬರಿಯಲ್ಲಿ ಅದನ್ನು ಇಳಿಸಲು ಮರೆಯುವ ಪ್ರಶ್ನೆಯೂ ಇಲ್ಲ.

ಮುನ್ನೂರು ಕಿಮೀ ಕ್ರಾಸ್ ಕಂಟ್ರಿ ವಾರವಾರ ಮಾಡಬೇಕು ಅನ್ನುವವರು ಬೇರೆ ನೋಡಿಕೊಳ್ಳಿ. ದಪ್ಪಗಿರುವವರೂ ತೂಕ ನೋಡಿಕೊಳ್ಳಬೇಕು. ಒಟ್ಟು ಮಿತಿ 300 ಕೆಜಿ, ಪ್ಯಾರಾಚೂಟ್ ಸೇರಿ ನಿಮಗೆ ಉಳಿಯುವುದು 110ರ ಆಸುಪಾಸು. ಮತ್ತೆ ಹಳೆಯದು ಕೊಳ್ಳುವಾಗ ಜೆಲ್‌ಕೋಟ್ (ಮೈಮೇಲಿನ ಹೊರಲೇಪ) ಬಿರುಕು ಎಲ್ಲರೂ ನೋಡುತ್ತಾರೆ, ಟ್ರೇಲರ್ ಯಾರೂ ನೋಡುವುದಿಲ್ಲ. ನಾನೂ ನೋಡಲಿಲ್ಲ. ಚಾವಣಿ ಸೋರುತ್ತಿದೆ ಅಂತ ಗೊತ್ತಾದದ್ದು ಮೊದಲ ಮಳೆಗೆ, ರೆಕ್ಕೆಯ ಬಟ್ಟೆ ಕವರ್ ತೊಪ್ಪೆಯಾದ ಮೇಲೆ.