ಹಳೇ ಗ್ರಾಮಫೋನು, ಪ್ಲೇಟು ಕೊಳ್ಳುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ

ಮೊನ್ನೆ ನಮ್ಮ ದಾವಣಗೆರೆಯ ಒಂದು ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಥರದ ಫೋಟೋ ಬಂತು. ಫಳಫಳ ಹೊಳೆಯುವ ಹಿತ್ತಾಳೆ ಕಹಳೆ, ಕೆಳಗೆ ಮರದ ಪೆಟ್ಟಿಗೆ, ಅದರ ಮೇಲೆ ಎಚ್‌ಎಂವಿ ಕಂಪನಿಯ ಗುರುತಾದ ನಾಯಿ ಚಿತ್ರ, ಪಕ್ಕದಲ್ಲಿ ಒಂದು ರಾಶಿ ಕಪ್ಪು ಹಾಡಿನ ಪ್ಲೇಟು. 'ಅಜ್ಜನ ಕಾಲದ್ದು, ನೂರು ವರ್ಷ ಹಳೇದು, ಬೇಗ ಬನ್ನಿ' ಅಂತ ಬರೆದಿದ್ದರು. ಮೂವರು ಆಗಲೇ ರೇಟು ಕೇಳಿದ್ದರು. ಸುಮ್ನಿರಲು ಮನಸ್ಸು ಬರಲಿಲ್ಲ. ಹೋದ ವರ್ಷ ಇಂಥದ್ದೇ ಫೋಟೋ ನಂಬಿ ನಾನು 26 ಸಾವಿರ ರೂಪಾಯಿ ಕೊಟ್ಟೆ. ದುಡ್ಡಿನ ಮಾತು ಬಿಡಿ, ಅಪ್ಪಾಜಿ ಇಷ್ಟು ವರ್ಷ ಜೋಪಾನ ಮಾಡಿದ್ದ ಪ್ಲೇಟು ನನ್ನ ಕೈಯಿಂದಲೇ ಹಾಳಾಯಿತು.

ಅಪ್ಪಾಜಿ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಸಂಬಳ ಬಂದಾಗ ಒಂದೊಂದೇ ಪ್ಲೇಟು ತರುತ್ತಿದ್ದರಂತೆ. ಟೇಪ್ ರೆಕಾರ್ಡರ್ ಬಂದಮೇಲೆ ಹಳೇ ಪ್ಲೇಯರ್ ಮಾರಿದರು, ಪ್ಲೇಟು ಮಾತ್ರ ಮಾರಲಿಲ್ಲ. ಒಂದು ಟ್ರಂಕಿನಲ್ಲಿ ಕವರ್ ಸಮೇತ ಸಾಲಾಗಿ ನಿಲ್ಲಿಸಿ ಇಟ್ಟಿದ್ದರು. ಎಲ್ಲಾ 45ರ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ಪ್ಲೇಟು ಮತ್ತು ಹೆಚ್ಚು ಹೊತ್ತು ಹಾಡುವ ದೊಡ್ಡ ಎಲ್‌ಪಿ. ಅವರ 75ನೇ ಹುಟ್ಟುಹಬ್ಬಕ್ಕೆ ಅವನ್ನು ಮತ್ತೆ ಕೇಳಿಸಬೇಕು ಅನ್ನೋದು ನನ್ನ ಆಸೆ.

ಮಾರುವವರು ಚಿತ್ರದುರ್ಗದ ಕಡೆಯವರು. ಹೆದ್ದಾರಿ ಪಕ್ಕದ ಒಂದು ಶೆಡ್ಡಿನಲ್ಲಿ ತೋರಿಸಿದರು. 'ದುರ್ಗದ ದೊಡ್ಡ ಮನೆತನದ್ದು ಸಾರ್, ಒರಿಜಿನಲ್' ಅಂದರು. ಕೀ ಕೊಟ್ಟು ಒಂದು ಪ್ಲೇಟು ಹಾಕಿದರು. ಅರ್ಧ ನಿಮಿಷ ಕೇಳಿಸಿ ಎತ್ತಿಬಿಟ್ಟರು. ಪೂರ್ತಿ ಹಾಡು ಹಾಕಿ ಅಂತ ನಾನು ಕೇಳಲಿಲ್ಲ. ಗ್ರಾಮಫೋನಿನ ಜೊತೆ 38 ಪ್ಲೇಟು ಸೇರಿಸಿ ಕೊಟ್ಟರು.

ಹುಟ್ಟುಹಬ್ಬದ ದಿನ ಮನೆಮಂದಿಯೆಲ್ಲ ಸೇರಿದ್ದರು. ಅಪ್ಪಾಜಿಗೆ ತುಂಬಾ ಇಷ್ಟವಾದ 45ರ ಪ್ಲೇಟನ್ನೇ ಮೊದಲು ಹಾಕಿದೆ. ಉಕ್ಕಿನ ಮುಳ್ಳು ಇಳಿಸಿದ ಕೂಡಲೇ ಕೀರಲು ದನಿ, ಹಾಡು ಓಡಿದಂತೆ ಜೋರು. ನಾನು ಸ್ಪೀಡ್ ಸರಿಮಾಡಲು ಕೈ ಹಾಕಿದೆ. ಅಷ್ಟರಲ್ಲಿ ಮುಳ್ಳಿನ ತುದಿಯಲ್ಲಿ ಕಪ್ಪು ಎಳೆ ಸುರುಳಿ ಸುರುಳಿಯಾಗಿ ಏಳತೊಡಗಿತು. 'ಎತ್ತಪ್ಪಾ, ಎತ್ತು ಅದನ್ನ' ಅಂದರು ಅಪ್ಪಾಜಿ. ಎತ್ತುವ ಹೊತ್ತಿಗೆ ಹಾಡಿನ ಮೊದಲ ಭಾಗ ಹೋಗಿತ್ತು. ಅವರು ಬೈಯಲಿಲ್ಲ. ಪ್ಲೇಟು ತೆಗೆದು ಪಂಚೆಯ ತುದಿಯಿಂದ ಮೆಲ್ಲಗೆ ಒರೆಸಿ ಕವರಿಗೆ ಹಾಕಿದರು.

ಮಾರನೇ ದಿನ ಮಂಡಿಪೇಟೆ ಕಡೆ ಹಳೇ ರೇಡಿಯೋ ರಿಪೇರಿ ಮಾಡುವ ಒಬ್ಬ ಯಜಮಾನರ ಹತ್ತಿರ ಹೋದೆ. ಪ್ಲೇಟನ್ನು ಬೆಳಕಿಗೆ ಓರೆ ಹಿಡಿದು ನೋಡಿದರು. 'ತಮ್ಮಾ, ಬದುವಿನ ಮೇಲೆ ಟ್ರ್ಯಾಕ್ಟರ್ ಹೊಡೆದಂಗೆ ಆಗೇತಿ' ಅಂದರು. ಅವರು ಹೇಳಿಕೊಟ್ಟಿದ್ದು ನನಗೆ ಮೊದಲೇ ಗೊತ್ತಿದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಕೀ ಕೊಡುವ ಗ್ರಾಮಫೋನು 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿಗೆ ಮಾತ್ರ. ಆ ಪ್ಲೇಟು ಪ್ಲಾಸ್ಟಿಕ್ ಅಲ್ಲ. ಅರಗಿಗೆ ಕಲ್ಲಿನ ಪುಡಿ ಸೇರಿಸಿ ಒತ್ತಿದ್ದು. ಗಟ್ಟಿ, ಆದರೆ ಕೈ ಜಾರಿದರೆ ಮಡಕೆ ಥರ ಒಡೆಯುತ್ತದೆ. ಅದರ ಗೆರೆ ಅಗಲ. ಕಲ್ಲಿನ ಪುಡಿಗೆ ಉಕ್ಕಿನ ಮುಳ್ಳೇ ಸವೆಯುತ್ತದೆ, ಅದಕ್ಕೇ ಒಂದು ಬದಿ ಮುಗಿದಮೇಲೆ ಮುಳ್ಳು ಬದಲಿಸಬೇಕು. ಮುಳ್ಳಿನ ಮೇಲೆ ಕೂತು ಸದ್ದು ಹುಟ್ಟಿಸುವ ಸೌಂಡ್ ಬಾಕ್ಸಿನ ಭಾರ ನೂರು ಗ್ರಾಂಗೂ ಜಾಸ್ತಿ. ಎಲ್‌ಪಿ ಮತ್ತು 45ರ ಪ್ಲೇಟು ವಿನೈಲ್ ಅನ್ನೋ ಪ್ಲಾಸ್ಟಿಕ್ಕಿನವು. ಅವುಗಳ ಗೆರೆ ಮೂರರಲ್ಲಿ ಒಂದು ಪಾಲು ಅಗಲ. ಒಳ್ಳೇ ಪ್ಲೇಯರಿನ ಮುಳ್ಳು ಎರಡು ಮೂರು ಗ್ರಾಂ ಭಾರದಲ್ಲಿ ತೇಲಿದಂತೆ ಹೋಗುತ್ತದೆ. ಅಂಥಾ ಗೆರೆ ಮೇಲೆ ಉಕ್ಕಿನ ಮುಳ್ಳು ಕೂರಿಸಿದರೆ ಉಳಿಯುತ್ತದಾ? ದಯವಿಟ್ಟು ವಿನೈಲ್ ಪ್ಲೇಟನ್ನು ಕಹಳೆ ಗ್ರಾಮಫೋನಿಗೆ ಒಂದೇ ಒಂದು ಸಲವೂ ಹಾಕಬೇಡಿ.

ಆಮೇಲೆ ಅವರು ನಾನು ತಂದ ಪೆಟ್ಟಿಗೆ ಬಿಚ್ಚಿದರು. ಕಹಳೆ ಹೊಸದು. ಮರಕ್ಕೆ ಹೊಸ ಪಾಲಿಶಿನ ವಾಸನೆ ಇನ್ನೂ ಇತ್ತು. ನಾಯಿ ಚಿತ್ರ ಅಂಟಿಸಿದ ಸ್ಟಿಕ್ಕರ್. ಒಳಗಿನ ಮೋಟಾರು ಮಾತ್ರ ಹಳೇದು, ಯಾವುದೋ ಸೂಟ್‌ಕೇಸ್ ಥರದ ಸಣ್ಣ ಗ್ರಾಮಫೋನಿನಿಂದ ಕಿತ್ತಿದ್ದು. ಸ್ಪ್ರಿಂಗ್ ಸೋತಿತ್ತು. 78ರ ಹತ್ತು ಇಂಚಿನ ಪ್ಲೇಟಿನ ಒಂದು ಬದಿ ಸುಮಾರು ಮೂರು ನಿಮಿಷ ಬರುತ್ತದೆ. ಇದು ಎರಡೂ ನಿಮಿಷ ಎಳೆಯುತ್ತಿರಲಿಲ್ಲ. ಆವತ್ತು ಶೆಡ್ಡಿನಲ್ಲಿ ಅರ್ಧ ನಿಮಿಷಕ್ಕೇ ಎತ್ತಿದ್ದು ಯಾಕೆ ಅಂತ ಆಗ ತಿಳಿಯಿತು. ಹೀಗೆ ಹೊಸ ಪೆಟ್ಟಿಗೆಗೆ ಹಳೇ ಸಾಮಾನು ಜೋಡಿಸಿ ಮಾರುವುದು ದೇಶದ ತುಂಬಾ ನಡೆಯುತ್ತಿದೆಯಂತೆ.

ಇನ್ನು ಆ 38 ಪ್ಲೇಟಿನ ಕಥೆ. ಅರ್ಧದಷ್ಟರ ಲೇಬಲ್ ಮೇಲೆ ಯಾವುದೋ ಮೈಕ್ ಸೆಟ್ಟಿನವರ ರಬ್ಬರ್ ಸ್ಟಾಂಪ್ ಇತ್ತು. ಮದುವೆ, ಜಾತ್ರೆ, ಟೆಂಟ್ ಸಿನಿಮಾ ಅಂತ ದಿನಗಟ್ಟಲೆ ತಿರುಗಿದ ಪ್ಲೇಟುಗಳು. ಗೆರೆ ಸವೆದು ಕಪ್ಪು ಹೋಗಿ ಬೂದು ಬಣ್ಣಕ್ಕೆ ಬಂದಿದ್ದವು. ಮುಳ್ಳಿಟ್ಟರೆ ಹಾಡಿಗಿಂತ ಎಣ್ಣೆಗೆ ಒಗ್ಗರಣೆ ಹಾಕಿದ ಸದ್ದೇ ಜೋರು. ನಾಲ್ಕಕ್ಕೆ ಅಂಚಿನಿಂದ ಬಿರುಕು. ರಾಶಿಯಲ್ಲಿ ಎರಡು ಎಲ್‌ಪಿಯೂ ಇದ್ದವು, ಅವಕ್ಕೂ ನೂರು ವರ್ಷ ಅಂದಿದ್ದರು. ಎಲ್‌ಪಿ ಬಂದಿದ್ದೇ 1948ರಲ್ಲಿ, 45ರ ಪ್ಲೇಟು 1949ರಲ್ಲಿ. ಇಷ್ಟು ಗೊತ್ತಿದ್ದರೂ ಆ ಮಾತು ಸುಳ್ಳು ಅಂತ ಅಲ್ಲೇ ಹಿಡಿಯಬಹುದಿತ್ತು.

ಚೆನ್ನಾಗಿದ್ದ ಕೆಲವನ್ನು ನಾನೇ ಕೆಡಿಸಿದೆ. ಧೂಳು ಹೋಗಲಿ ಅಂತ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಹತ್ತಿಯೆಲ್ಲ ಕಪ್ಪಾಯಿತು. ಕೊಳೆ ಬಂತು ಅಂತ ಖುಷಿಪಟ್ಟೆ. ಬಂದಿದ್ದು ಪ್ಲೇಟೇ. ಸ್ಪಿರಿಟ್ಟಿಗೆ ಅರಗು ಕರಗುತ್ತದೆ. 78ರ ಪ್ಲೇಟಿಗೆ ಮೆತ್ತನೆ ಬ್ರಷ್ಷು, ಬೇಕಾದರೆ ಸ್ವಲ್ಪ ಡಿಸ್ಟಿಲ್ಡ್ ವಾಟರ್, ಅಷ್ಟೇ. ಲೇಬಲ್ ನೆನೆಯಬಾರದು.

ಹಳೇದಾದರೆ ಬೆಲೆ ಬರುತ್ತದೆ ಅನ್ನೋ ನಂಬಿಕೆಯೇ ನನ್ನನ್ನು ಕೆಡಿಸಿದ್ದು. ಲೆಕ್ಕ ಹಾಗಿಲ್ಲ. ಎಷ್ಟು ಪ್ರತಿ ಉಳಿದಿವೆ, ಎಷ್ಟು ಚೆನ್ನಾಗಿ ಉಳಿದಿವೆ, ಹುಡುಕುವವರು ಇದ್ದಾರಾ ಅನ್ನೋದೇ ಬೆಲೆ. ಮನೆಮನೆಗೂ ಹೋದ ಜನಪ್ರಿಯ ಸಿನಿಮಾ ಹಾಡಿನ ಪ್ಲೇಟು ಎಷ್ಟು ಹಳೇದಾದರೂ ಸುಲಭಕ್ಕೆ ಸಿಗುತ್ತದೆ. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಭಾರತದಲ್ಲಿ 1960ರ ದಶಕದಲ್ಲೂ 78ರ ಪ್ಲೇಟಾಗಿ ಬಂದವು. ವಿದೇಶದ ಸಂಗ್ರಹಕಾರರು ಅವನ್ನು ಇಂದಿಗೂ ಹುಡುಕುತ್ತಾರೆ. ಅದಕ್ಕಿಂತ ಎಷ್ಟೋ ಹಳೇ ಪ್ಲೇಟುಗಳನ್ನು ಕೇಳುವವರೇ ಇಲ್ಲ. ನಮ್ಮ ಕಡೆಯದೇ ಹೇಳಬೇಕೆಂದರೆ, ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳ ಮೇಲೆ 'ಗಾಂಧಾರಿ' ಅಂತ ಹೆಸರಿದೆ. ಅಂಥದ್ದು ಸಿಕ್ಕರೆ ತೂಕಕ್ಕೆ ಹಾಕಬೇಡಿ, ತಿಳಿದವರಿಗೆ ತೋರಿಸಿ.

ಕೊಳ್ಳುವಾಗ ಪ್ಲೇಟನ್ನು ಕವರಿನಿಂದ ತೆಗೆಸಿ, ಬಿಸಿಲಿಗೆ ಓರೆ ಹಿಡಿಯಿರಿ. ಹೊಳಪು ಇದೆಯಾ, ಬೂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ಉಗುರಿಗೆ ಸಿಗುವ ಗೀರು ಇದ್ದರೆ ಕೇಳುವಾಗಲೂ ಸಿಗುತ್ತದೆ. ಲೇಬಲಿನ ಪಕ್ಕ, ಗೆರೆ ಮುಗಿದ ಖಾಲಿ ಜಾಗದಲ್ಲಿ ಸಣ್ಣ ಅಕ್ಷರ, ಸಂಖ್ಯೆ ಕೊರೆದಿರುತ್ತವೆ. ಮೊದಲ ಸಲ ಒತ್ತಿದ್ದಾ, ಆಮೇಲಿನದಾ ಅಂತ ತಿಳಿದವರು ಅದನ್ನು ನೋಡಿ ಹೇಳುತ್ತಾರೆ. ಕವರ್ ಹರಿದಿದ್ದರೆ, ಬೇರೆ ಪ್ಲೇಟಿನ ಕವರ್ ಹಾಕಿದ್ದರೆ ರೇಟು ಇಳಿಯಬೇಕು. ಎಲ್ಲಕ್ಕಿಂತ ಮುಖ್ಯ, ಪೂರ್ತಿ ಒಂದು ಬದಿ ಹಾಕಿಸಿ ಕೇಳಿ. ಪುರುಸೊತ್ತಿಲ್ಲ ಅಂದರೆ ಎದ್ದು ಬನ್ನಿ. ಮತ್ತೆ, ಒಳ್ಳೇದು ಸಿಕ್ಕರೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಬಿಡಬೇಡಿ. ವಿನೈಲು ಹಪ್ಪಳದಂತೆ ಸೊಟ್ಟಗಾಗುತ್ತದೆ.

ನಾನು ಮಾರಿದವರಿಗೆ ಫೋನು ಮಾಡಿದೆ. ಎರಡು ಸಲ ಎತ್ತಿದರು, ಮೂರನೇ ಸಲ ಎತ್ತಲಿಲ್ಲ. ರಸೀದಿ ಇಲ್ಲ, ಏನು ಮಾಡಲಿ? ನೀವಾದರೂ 'ಹಳೇದು' ಅಂತ ಅವರು ಹೇಳಿದ್ದನ್ನು ಚೀಟಿಯಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ.

ರಿಪೇರಿ ಯಜಮಾನರು ಒಂದು ಹಳೇ ಕರೆಂಟಿನ ಪ್ಲೇಯರಿಗೆ ಹೊಸ ಮುಳ್ಳು ಹಾಕಿ ಕೊಟ್ಟಿದ್ದಾರೆ. ಟ್ರಂಕಿನ ಉಳಿದ ಪ್ಲೇಟುಗಳು ಚೆನ್ನಾಗಿ ಹಾಡುತ್ತಿವೆ. ಆ ಒಂದನ್ನೂ ಅಪ್ಪಾಜಿ ಆಗಾಗ ಹಾಕಿಸುತ್ತಾರೆ. ಕೆಟ್ಟ ಜಾಗದಲ್ಲಿ ಮುಳ್ಳು ಟಕಟಕ ಅನ್ನುತ್ತದೆ. ಅಷ್ಟು ಸಾಲನ್ನು ಅವರೇ ಬಾಯಿಂದ ಹಾಡಿ ಮುಂದಕ್ಕೆ ಕೂಡಿಸಿಕೊಳ್ಳುತ್ತಾರೆ.