36 ಸಿಸ್ಟಂ, ಒಂದು ಸರ್ವರ್: ನೆಟ್‌ವರ್ಕ್ ಮೂಲಕ ಓಎಸ್ ಹಾಕುವ ದಾರಿಗಳ ಹೋಲಿಕೆ

ನಮ್ಮ ಕಾಲೇಜಿನ ಲ್ಯಾಬಿನಲ್ಲಿ 36 ಸಿಸ್ಟಂಗಳಿವೆ. ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಪ್ರತಿ ಸಲವೂ ಅಷ್ಟನ್ನೂ ಒರೆಸಿ ಹೊಸದಾಗಿ ಓಎಸ್ ಹಾಕಬೇಕು. ಬಹಳ ಕಾಲ ನಾನೂ ನಮ್ಮ ಅಟೆಂಡರೂ ನಾಲ್ಕು ವೆಂಟಾಯ್ ಪೆನ್‌ಡ್ರೈವ್ ಹಿಡಿದು ಸಾಲಿನಿಂದ ಸಾಲಿಗೆ ಓಡಾಡಿಕೊಂಡೇ ಈ ಕೆಲಸ ಮುಗಿಸುತ್ತಿದ್ದೆವು. ಎರಡು ದಿನ ಹಿಡಿಯುತ್ತಿತ್ತು. ವೆಂಟಾಯ್ ಬಗ್ಗೆ ನನ್ನದೇನೂ ದೂರಿಲ್ಲ, ಓಎಸ್‌ನ ಐಎಸ್ಒ ಕಡತವನ್ನು (ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ಪ್ರತಿ) ಪೆನ್‌ಡ್ರೈವಿಗೆ ಹಾಗೇ ಕಾಪಿ ಮಾಡಿದರೆ ಸಾಕು, ಬೂಟ್ ಆಗುತ್ತದೆ. ತೊಂದರೆ ಇದ್ದದ್ದು ನಮ್ಮ ಕೈಯಲ್ಲಿ. ಅದೇ ಭಾಷೆ, ಅದೇ ಪಾರ್ಟಿಷನ್, ಅದೇ ಪಾಸ್‌ವರ್ಡನ್ನು 36 ಸಲ ಒತ್ತುವಾಗ ಎಲ್ಲೋ ಒಂದು ಕಡೆ ಬೆರಳು ಜಾರುತ್ತದೆ. ಒಂದು ಸಲ ಒಂದು ಸಿಸ್ಟಂನ ಪಾಸ್‌ವರ್ಡ್ ನಮಗೇ ಗೊತ್ತಿಲ್ಲದಂತಾಗಿ, ಪರೀಕ್ಷೆಯ ದಿನ ಬೆಳಿಗ್ಗೆ ಮತ್ತೆ ಹಾಕಬೇಕಾಯಿತು.

ಹೀಗಾಗಿ ಒಂದು ಹಳೆಯ ಐ5 ಡೆಸ್ಕ್‌ಟಾಪನ್ನು (8 ಜಿಬಿ ರ್‍ಯಾಮ್, 500 ಜಿಬಿ ಎಸ್‌ಎಸ್‌ಡಿ) ಸರ್ವರ್ ಮಾಡಿಕೊಂಡು, ಸಿಕ್ಕಿದ ದಾರಿಗಳನ್ನೆಲ್ಲ ಒಂದೊಂದಾಗಿ ನೋಡಿದೆ.

ಎಲ್ಲದರ ಬುಡದಲ್ಲಿರುವುದು ಒಂದೇ ವಿದ್ಯೆ, ಇಂಟೆಲ್‌ನವರು 90ರ ದಶಕದ ಕೊನೆಗೆ ತಂದ ಪಿಎಕ್ಸ್‌ಇ. ಬಾಯಲ್ಲಿ ನಾವು ಪಿಕ್ಸಿ ಅನ್ನುತ್ತೇವೆ. ಸಿಸ್ಟಂ ಆನ್ ಆದಾಗ ಅದರ ನೆಟ್‌ವರ್ಕ್ ಕಾರ್ಡು ‘ನನಗೊಂದು ಐಪಿ ಕೊಡಿ, ಯಾವ ಕಡತದಿಂದ ಬೂಟ್ ಆಗಲಿ ಹೇಳಿ’ ಎಂದು ಕೂಗುತ್ತದೆ. ಐಪಿ, ಅಂದರೆ ನೆಟ್‌ವರ್ಕಿನ ವಿಳಾಸ ಹಂಚುವ ಡಿಎಚ್‌ಸಿಪಿ ಉತ್ತರ ಕೊಡುತ್ತದೆ, ಕಡತ ಸಾಗಿಸುವ ಸರಳ ವಿಧಾನವಾದ ಟಿಎಫ್‌ಟಿಪಿ ಕಡತ ಕೊಡುತ್ತದೆ. ಅಲ್ಲಿಂದಾಚೆ ಯಾರು ಏನು ಮಾಡುತ್ತಾರೆ ಅನ್ನುವುದರಲ್ಲೇ ವ್ಯತ್ಯಾಸ.

ಮೊದಲು ಹಿಡಿದದ್ದು ಡಿಎನ್‌ಎಸ್‌ಮಾಸ್ಕ್. ಒಂದೇ ಚಿಕ್ಕ ಪ್ರೋಗ್ರಾಂ, ಡಿಎಚ್‌ಸಿಪಿ ಮತ್ತು ಟಿಎಫ್‌ಟಿಪಿ ಎರಡೂ ಅದರಲ್ಲೇ ಇವೆ, ಹದಿನೈದು ಸಾಲಿನ ಕಾನ್ಫಿಗ್ ಸಾಕು. ಆ ಹದಿನೈದು ಸಾಲಿನಲ್ಲೇ ಮೊದಲ ದಿನ ಎಡವಟ್ಟು ಮಾಡಿಕೊಂಡೆ. ಕಾಲೇಜಿನ ರೌಟರ್ ಆಗಲೇ ಐಪಿ ಹಂಚುತ್ತಿತ್ತು, ನಾನು ಇನ್ನೊಂದು ಹಂಚುವವನನ್ನು ಅದೇ ನೆಟ್‌ವರ್ಕಿನಲ್ಲಿ ಕೂರಿಸಿದೆ. ಹತ್ತು ನಿಮಿಷದಲ್ಲಿ ಆಫೀಸಿನಿಂದ ಫೋನು: “ಸಾರ್, ಇಲ್ಲಿ ನೆಟ್ ಹೋಗಿದೆ, ನೀವೇನಾದ್ರೂ ಮಾಡಿದ್ರಾ?” ಮಾಡಿದ್ದೆ. ಫೀಸು ಕಟ್ಟಿಸಿಕೊಳ್ಳುವ ಸಿಸ್ಟಂ ನನ್ನ ಸರ್ವರಿನಿಂದ ಐಪಿ ತೆಗೆದುಕೊಂಡು ಕೂತಿತ್ತು.

ಇದಕ್ಕೆ ಮದ್ದು ಡಿಎನ್‌ಎಸ್‌ಮಾಸ್ಕ್‌ನಲ್ಲೇ ಇದೆ, ಪ್ರಾಕ್ಸಿ ಮೋಡ್. ಐಪಿ ಹಂಚುವುದು ರೌಟರಿನ ಪಾಲಿಗೇ ಇರುತ್ತದೆ, ನಮ್ಮ ಸರ್ವರು ಬೂಟ್ ಕಡತದ ಹೆಸರನ್ನಷ್ಟೇ ಪಕ್ಕದಿಂದ ಹೇಳುತ್ತದೆ. ರೌಟರಿನ ಪಾಸ್‌ವರ್ಡ್ ಯಾರ ಹತ್ತಿರ ಇದೆಯೆಂದೇ ಗೊತ್ತಿಲ್ಲದ ಕಾಲೇಜುಗಳಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಮುಂದೆ ಹೇಳುವ ಉಳಿದವನ್ನೂ ನಾನು ಇದರ ಹೆಗಲ ಮೇಲೇ ಕೂರಿಸಿದ್ದು.

ಎರಡನೇ ಪಾಠ ವೇಗದ್ದು. ಟಿಎಫ್‌ಟಿಪಿ ಮೂಲತಃ 512 ಬೈಟಿನ ತುಣುಕು ಕಳಿಸಿ, ‘ಸಿಕ್ಕಿತು’ ಎಂಬ ಉತ್ತರ ಬಂದ ಮೇಲೇ ಮುಂದಿನದನ್ನು ಕಳಿಸುತ್ತದೆ. 40 ಎಂಬಿ ಕಡತ ಅಂದರೆ ಸುಮಾರು 80 ಸಾವಿರ ಸಲ ಹೋಗಿ ಬರುವುದು. ತುಣುಕಿನ ಗಾತ್ರ ಹೆಚ್ಚಿಸಿಕೊಳ್ಳಬಹುದು, ಆದರೂ 36 ಸಿಸ್ಟಂ ಒಟ್ಟಿಗೆ ಕೇಳಿದಾಗ ತೆವಳುತ್ತದೆ. ಅದಕ್ಕೇ ಐಪಿಎಕ್ಸ್‌ಇ ಬೇಕು. ಟಿಎಫ್‌ಟಿಪಿಯಿಂದ ಈ ಪುಟ್ಟ ಬೂಟ್‌ಲೋಡರ್ (ಓಎಸ್ ಎಬ್ಬಿಸುವ ಪ್ರೋಗ್ರಾಂ) ಮಾತ್ರ ಇಳಿಸಿಕೊಂಡು, ಮಿಕ್ಕಿದ್ದನ್ನೆಲ್ಲ ವೆಬ್‌ಸೈಟುಗಳು ಬಳಸುವ ಎಚ್‌ಟಿಟಿಪಿಯಲ್ಲಿ ತರಿಸಿಕೊಳ್ಳಬಹುದು. ಒಂದು ಎಚ್ಚರಿಕೆ: ಐಪಿಎಕ್ಸ್‌ಇ ಎದ್ದ ಮೇಲೆ ಅದೂ ಡಿಎಚ್‌ಸಿಪಿ ಕೇಳುತ್ತದೆ, ನಾವು ಮತ್ತೆ ಐಪಿಎಕ್ಸ್‌ಇ ಹೆಸರನ್ನೇ ಹೇಳಿದರೆ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಕೇಳುತ್ತಿರುವುದು ಯಾರು ಎಂದು ಗುರುತಿಸಿ (ಡಿಎಚ್‌ಸಿಪಿ ಕೋರಿಕೆಯಲ್ಲಿ 175ನೇ ಆಪ್ಷನ್ ಇದ್ದರೆ ಅದು ಐಪಿಎಕ್ಸ್‌ಇ) ಬೇರೆ ಉತ್ತರ ಕೊಡಬೇಕು. ಆನ್ ಆದ ಕೂಡಲೇ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ ಹಳೆಯವುಗಳಲ್ಲಿ ಬಯಾಸ್, ಹೊಸವುಗಳಲ್ಲಿ ಯುಇಎಫ್‌ಐ; ಎರಡಕ್ಕೂ ಬೇರೆ ಬೇರೆ ಕಡತ ಬೇಕು, ಅದನ್ನು ಹೇಳುವುದು 93ನೇ ಆಪ್ಷನ್: 0 ಬಂದರೆ ಬಯಾಸ್, 7 ಬಂದರೆ 64 ಬಿಟ್ ಯುಇಎಫ್‌ಐ.

ಇನ್ನು ಓಎಸ್. ಉಬುಂಟು ಲಿನಕ್ಸ್ ಹಾಕೋಣ ಎಂದು ಹೊರಟವನು ಮುಗ್ಗರಿಸಿದೆ. ಈಗಿನ ಉಬುಂಟುವನ್ನು ನೆಟ್‌ವರ್ಕಿನಲ್ಲಿ ಎಚ್‌ಟಿಟಿಪಿ ಮೂಲಕ ಬೂಟ್ ಮಾಡಿದರೆ ಇಡೀ ಐಎಸ್ಒವನ್ನು ರ್‍ಯಾಮಿಗೆ ಎಳೆದುಕೊಳ್ಳುತ್ತದೆ. 24.04ರ ಡೆಸ್ಕ್‌ಟಾಪ್ ಐಎಸ್ಒ 5 ಜಿಬಿಗಿಂತ ದೊಡ್ಡದು, ನಮ್ಮ ಅರ್ಧ ಸಿಸ್ಟಂಗಳ ರ್‍ಯಾಮ್ 4 ಜಿಬಿ. ಸರ್ವರಿನ ಫೋಲ್ಡರನ್ನೇ ನೆಟ್‌ವರ್ಕಿನಲ್ಲಿ ಹಂಚುವ ಎನ್‌ಎಫ್‌ಎಸ್ ಮೂಲಕ ಕೊಟ್ಟರೆ ದಾಟಬಹುದು, ಆದರೆ ಅಷ್ಟರಲ್ಲಿ ಇನ್ನೊಂದು ಲಿನಕ್ಸ್ ಆದ ಡೆಬಿಯನ್ ಕಡೆ ಮನಸ್ಸು ತಿರುಗಿತ್ತು. ಡೆಬಿಯನ್‌ನ ನೆಟ್‌ಬೂಟ್ ಕಡತಗಳು ಹಗುರ, ಪ್ರಿಸೀಡ್ ಎಂಬ ಉತ್ತರಪಟ್ಟಿ ಬರೆದಿಟ್ಟರೆ ಒಂದೂ ಪ್ರಶ್ನೆ ಕೇಳದೆ ಮುಗಿಸುತ್ತದೆ. ಪ್ರಿಸೀಡ್ ಕಡತ ಇಳಿಯುವ ಮುಂಚೆಯೇ ಭಾಷೆ, ಕೀಬೋರ್ಡ್ ಕೇಳಿಬಿಡುತ್ತದೆ, ಅದಕ್ಕೆ ಬೂಟ್ ಆಗುವಾಗ ಲಿನಕ್ಸ್‌ಗೆ ಕೊಡುವ ಕರ್ನಲ್ ಸಾಲಿನಲ್ಲೇ ‘ಆಟೋ’ ಮತ್ತು ‘ಪ್ರಯಾರಿಟಿ ಕ್ರಿಟಿಕಲ್’ ಹಾಕಬೇಕು. ಪ್ಯಾಕೇಜ್ ಪಟ್ಟಿಯಲ್ಲಿ ಗುಬ್ಬಿ ಫಾಂಟ್, ಕಗಪ ಕೀಲಿಮಣೆಗೆ ಬೇಕಾದ ಐಬಸ್ ಸೇರಿಸಿದೆ. ಕನ್ನಡ ಟೈಪ್ ಮಾಡೋದು ಹೇಗೆ ಸಾರ್ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ.

ಒಂದು ಸಿಸ್ಟಂಗೆ 20 ನಿಮಿಷ. 36ನ್ನೂ ಒಟ್ಟಿಗೆ ಬಿಟ್ಟಾಗ ನಮ್ಮ 50 ಎಂಬಿಪಿಎಸ್ ಇಂಟರ್ನೆಟ್ ಏದುಸಿರು ಬಿಟ್ಟಿತು. ತಲಾ 1.2 ಜಿಬಿಯಂತೆ 43 ಜಿಬಿ, ಅಂದರೆ ಎರಡು ಗಂಟೆ. ಸರ್ವರಿನಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿದ ಮೇಲೆ ಪ್ಯಾಕೇಜು ಹೊರಗಿನಿಂದ ಒಂದೇ ಸಲ ಬರುತ್ತದೆ, ಮಿಕ್ಕ 35ಕ್ಕೆ ಒಳಗಿಂದಲೇ. ಈಗ 35 ನಿಮಿಷದಲ್ಲಿ ಇಡೀ ಲ್ಯಾಬು ತಯಾರು.

ಇದಕ್ಕೆ ನಿಜವಾದ ಎದುರಾಳಿ ಫಾಗ್ ಎಂಬ ಪ್ರೋಗ್ರಾಂ. ಇದರ ಯೋಚನೆಯೇ ಬೇರೆ. ಡಿಎನ್‌ಎಸ್‌ಮಾಸ್ಕ್-ಪ್ರಿಸೀಡ್ ಜೋಡಿ ಪ್ರತಿ ಸಿಸ್ಟಂನಲ್ಲೂ ಹೊಸದಾಗಿ ಅಡುಗೆ ಮಾಡುತ್ತದೆ, ಫಾಗ್ ಒಂದು ಕಡೆ ಮಾಡಿದ ಅಡುಗೆಯನ್ನು ಎಲ್ಲರ ಎಲೆಗೂ ಬಡಿಸುತ್ತದೆ. ಒಂದು ಸಿಸ್ಟಂ ಪೂರ್ತಿ ಸಿದ್ಧಮಾಡಿ, ಅದರ ಇಮೇಜ್ (ಡಿಸ್ಕಿನ ನಕಲು) ತೆಗೆದು, ಬ್ರೌಸರಿನಲ್ಲಿ 36 ಹೆಸರಿಗೆ ಟಿಕ್ ಹಾಕಿದರೆ ಆಯಿತು. ವಿಂಡೋಸ್, ಲಿನಕ್ಸ್ ಎರಡೂ ಇರುವ ಲ್ಯಾಬಿಗೆ ಇದರ ಮುಂದೆ ಇನ್ನೊಂದಿಲ್ಲ. ಒಳಗೆ ಪಾರ್ಟ್‌ಕ್ಲೋನ್ ಇರುವುದರಿಂದ ಡಿಸ್ಕಿನಲ್ಲಿ ತುಂಬಿದ ಭಾಗ ಮಾತ್ರ ಕಾಪಿಯಾಗುತ್ತದೆ.

ನಮ್ಮ ಎರಡು ಓಎಸ್‌ಗಳ ಇಮೇಜ್ ಕುಗ್ಗಿಸಿದ ಮೇಲೆ 28 ಜಿಬಿ. ಒಂದೊಂದಕ್ಕೇ ಕಳಿಸಿದರೆ 36ಕ್ಕೆ ಸಾವಿರ ಜಿಬಿ ದಾಟುತ್ತದೆ, ಗಿಗಾಬಿಟ್ ವೈರಿನಲ್ಲೂ ಎರಡೂವರೆ ಗಂಟೆ. ಮಲ್ಟಿಕಾಸ್ಟ್ ಹಾಕಿದರೆ ಒಂದೇ ಸಲ ಕಳಿಸಿ ಎಲ್ಲರೂ ಒಟ್ಟಿಗೆ ಹಿಡಿದುಕೊಳ್ಳುತ್ತಾರೆ, ವೈರಿನ ಲೆಕ್ಕಕ್ಕೆ ನಾಲ್ಕೈದು ನಿಮಿಷ, ಡಿಸ್ಕಿಗೆ ಬರೆಯುವುದೂ ಸೇರಿದರೆ ಕಾಲು ಗಂಟೆ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಿತು. ಸರ್ವರು ಜಾಲಾಡಿ ನೋಡಿದೆ, ಸ್ವಿಚ್ ನೋಡಿದೆ, ಏನೂ ಇಲ್ಲ. ಕೊನೆಗೆ ಕಂಡುಹಿಡಿದವರು ಅಟೆಂಡರ್: “ಸಾರ್, ಇಪ್ಪತ್ತೆರಡನೇದರ ಹಿಂದೆ ಲೈಟ್ ಬೇರೆ ಬಣ್ಣ ಉರೀತಿದೆ.” ಅದರ ಕೇಬಲಿನಲ್ಲಿ ಒಂದು ಜೊತೆ ತಂತಿ ಕಡಿದಿತ್ತು. ಗಿಗಾಬಿಟ್‌ಗೆ ನಾಲ್ಕು ಜೊತೆಯೂ ಬೇಕು, ಎರಡು ಜೊತೆ ನೆಟ್ಟಗಿದ್ದರೆ 100 ಎಂಬಿಪಿಎಸ್ ಬರುತ್ತದೆ, ಆದ್ದರಿಂದ ಸಿಸ್ಟಂ ಸದ್ದಿಲ್ಲದೆ ಆ ವೇಗಕ್ಕೆ ಇಳಿದಿತ್ತು. ಮಲ್ಟಿಕಾಸ್ಟ್‌ನಲ್ಲಿ ಎಲ್ಲರಿಗಿಂತ ನಿಧಾನದವನ ಹೆಜ್ಜೆಗೆ ಎಲ್ಲರೂ ಹೆಜ್ಜೆ ಹಾಕಬೇಕು. ಹೊಸ ಕೇಬಲ್ ಹಾಕಿದ ಮೇಲೆ 16 ನಿಮಿಷ.

ಫಾಗ್‌ನ ಕಿರಿಕಿರಿಗಳೂ ಕಡಿಮೆಯಲ್ಲ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದಿದ್ದರೆ ಡಿಸ್ಕು ಅರೆನಿದ್ದೆಯಲ್ಲಿರುತ್ತದೆ, ಇಮೇಜ್ ತೆಗೆಯಲು ಒಪ್ಪುವುದಿಲ್ಲ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆಫ್ ಇರಬೇಕು. ನಾನು ಹಾಕಿದ ಆವೃತ್ತಿಗೆ, ನಂಬಿಕೆಯ ಸಹಿಯಿಲ್ಲದ್ದನ್ನು ಬೂಟ್ ಆಗಲು ಬಿಡದ ಸೆಕ್ಯೂರ್ ಬೂಟ್ ಕೂಡ ಆಫ್ ಇರಬೇಕಿತ್ತು, ಅಂದರೆ 36 ಸಲ ಬಯಾಸ್ ಒಳಗೆ ಹೋಗಿಬರುವ ಕೆಲಸ. ಡೆಬಿಯನ್‌ನಲ್ಲಿ ಐಪಿಎಕ್ಸ್‌ಇ ಬಿಟ್ಟು ಅವರೇ ಕೊಡುವ, ಸಹಿ ಇರುವ ಶಿಮ್ ಮತ್ತು ಗ್ರಬ್ ಬೂಟ್‌ಲೋಡರ್ ಕೊಟ್ಟರೆ ಸೆಕ್ಯೂರ್ ಬೂಟ್ ಆನ್ ಇದ್ದರೂ ನಡೆಯುತ್ತದೆ, ಈ ಒಂದು ವಿಷಯದಲ್ಲಿ ಅದು ಮುಂದೆ.

ಕಾಪಿಯ ಇನ್ನೊಂದು ಗುಣ ನಿಧಾನಕ್ಕೆ ಕಾಣಿಸಿಕೊಳ್ಳುತ್ತದೆ. 36 ಲಿನಕ್ಸ್‌ಗೂ ಒಂದೇ ಹೋಸ್ಟ್‌ನೇಮ್ (ಸಿಸ್ಟಂನ ಹೆಸರು), ದೂರದಿಂದ ಲಾಗಿನ್ ಆಗುವಾಗ ಸಿಸ್ಟಂ ಗುರುತಿಸುವ ಒಂದೇ ಎಸ್‌ಎಸ್‌ಎಚ್ ಕೀಲಿ, ಒಂದೇ ಮಷೀನ್-ಐಡಿ (ಗುರುತಿನ ಸಂಖ್ಯೆ). ಒಬ್ಬರದೇ ಆಧಾರ್ ಕಾರ್ಡನ್ನು ಊರಿಗೆಲ್ಲ ಜೆರಾಕ್ಸ್ ಮಾಡಿ ಹಂಚಿದ ಹಾಗೆ. ಇಮೇಜ್ ತೆಗೆಯುವ ಮುಂಚೆ ಮಷೀನ್-ಐಡಿ ಕಡತ ಖಾಲಿ ಮಾಡಿ, ಎಸ್‌ಎಸ್‌ಎಚ್ ಕೀಲಿ ಅಳಿಸಿ ಮೊದಲ ಬೂಟಿನಲ್ಲಿ ಹೊಸದು ಹುಟ್ಟುವಂತೆ ಮಾಡಿ, ಹೆಸರು ಬದಲಿಸಲು, ಇಮೇಜ್ ಇಳಿದ ಮೇಲೆ ಓಡುವ ಫಾಗ್‌ನ ಪೋಸ್ಟ್‌ಡೌನ್‌ಲೋಡ್ ಸ್ಕ್ರಿಪ್ಟಿನಲ್ಲಿ ನಾಲ್ಕು ಸಾಲು ಬರೆದೆ. ಪ್ರಿಸೀಡ್‌ನಲ್ಲಿ ಇದರ ಗೊಡವೆಯೇ ಇಲ್ಲ.

ಮಿಕ್ಕವನ್ನು ಬೇಗ ಮುಗಿಸುತ್ತೇನೆ. ನೆಟ್‌ಬೂಟ್.ಎಕ್ಸ್‌ವೈಝಡ್ ನನಗೆ ತುಂಬ ಇಷ್ಟ. ಒಂದು ಮೆನು, ಅದರಲ್ಲಿ ಹತ್ತಾರು ಲಿನಕ್ಸ್‌ಗಳು, ಡಿಸ್ಕ್ ರಿಪೇರಿ ಸಾಧನಗಳು. ಆದರೆ ಕಡತಗಳು ಬರುವುದು ಇಂಟರ್ನೆಟ್ಟಿನಿಂದ. ಕೆಟ್ಟ ಸಿಸ್ಟಂ ಒಂದನ್ನು ಮೇಜಿನ ಮೇಲಿಟ್ಟು ನೋಡುವುದಕ್ಕೆ ಸರಿ, 36ಕ್ಕೆ ಅಲ್ಲ. ಇಂಥದ್ದೇ ಇನ್ನೊಂದು ಸಾಧನ ಕಾಬ್ಲರ್ ಹಾಕಿ ಎರಡು ಸಂಜೆ ಕಳೆದೆ. ಪಿಎಕ್ಸ್‌ಇಯನ್ನು ಅಚ್ಚುಕಟ್ಟಾಗಿ ಹೊಂದಿಸುತ್ತದೆ, ನಿಜ, ಆದರೆ ಡಿಎನ್‌ಎಸ್‌ಮಾಸ್ಕ್‌ನಲ್ಲಿ ನಾನು ಕೈಯಾರೆ ಬರೆದದ್ದನ್ನೇ ಅದು ಟೆಂಪ್ಲೇಟುಗಳ ಹಿಂದೆ ಅವಿತಿಟ್ಟಿತ್ತು, ತಪ್ಪಾದಾಗ ಎಲ್ಲಿ ಹುಡುಕಬೇಕೆಂಬುದೇ ತಿಳಿಯಲಿಲ್ಲ. ಉಬುಂಟು ತಯಾರಿಸುವ ಕೆನಾನಿಕಲ್‌ನವರ ‘ಮಾಸ್’ ಅನ್ನುವುದು ಡೇಟಾ ಸೆಂಟರಿನ ಸಾಮಾನು. ಪ್ರತಿ ಯಂತ್ರವನ್ನೂ ತಾನೇ ಆನ್-ಆಫ್ ಮಾಡುವ ಐಪಿಎಂಐಯಂಥ ವ್ಯವಸ್ಥೆ ಇದ್ದರೇ ಅದಕ್ಕೆ ಸಮಾಧಾನ, ನಮ್ಮ ಡೆಸ್ಕ್‌ಟಾಪುಗಳಲ್ಲಿ ಅದೆಲ್ಲಿ? ನೆಟ್‌ವರ್ಕಿನಲ್ಲಿ ವಿಂಡೋಸ್ ಹಾಕಲು ವಿಂಡೋಸ್ ಸರ್ವರಿನಲ್ಲಿರುವ ಡಬ್ಲ್ಯುಡಿಎಸ್ ಪ್ರಯತ್ನಿಸಲೇ ಇಲ್ಲ. ವಿಂಡೋಸ್ 11ರ ಇನ್‌ಸ್ಟಾಲರ್ ಎಬ್ಬಿಸುವ ಬೂಟ್.ವಿಮ್ ಕಡತ ಹಿಡಿದು ಹಳೆಯ ಕ್ರಮದಲ್ಲಿ ಇನ್‌ಸ್ಟಾಲ್ ಮಾಡುವುದನ್ನು ಮೈಕ್ರೋಸಾಫ್ಟೇ ನಿಲ್ಲಿಸಿರುವಾಗ ಅದಕ್ಕೆ ಸಮಯ ಹಾಕಲು ಮನಸ್ಸಾಗಲಿಲ್ಲ.

ಯಾವುದನ್ನೇ ಹಾಕಿದರೂ ಕಾಡುವ ಎರಡು ಸಂಗತಿಗಳಿವೆ. ‘ಪಿಎಕ್ಸ್‌ಇ-ಇ51’ ಎಂದು ಬಂದರೆ ಡಿಎಚ್‌ಸಿಪಿ ಉತ್ತರವೇ ಸಿಕ್ಕಿಲ್ಲ. ಸ್ವಿಚ್‌ನಲ್ಲಿ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕಿನಲ್ಲಿ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಪೋರ್ಟು ತೆರೆಯಲು 30 ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಕಾರ್ಡು ಕಾದು ಸುಸ್ತಾಗಿ ಬಿಟ್ಟಿರುತ್ತದೆ. ಆ ಪೋರ್ಟುಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿ. ‘ಇ32’ ಬಂದರೆ ಟಿಎಫ್‌ಟಿಪಿ ಸತ್ತಿದೆ, ಮುಕ್ಕಾಲು ಪಾಲು ಫೈರ್‌ವಾಲ್ ಕೆಲಸ. 69ನೇ ಪೋರ್ಟು ತೆರೆದರಷ್ಟೇ ಸಾಲದು, ಕಡತ ಹರಿಯುವುದು ಬೇರೆ ಪೋರ್ಟಿನಲ್ಲಿ.

ಈಗ ಬರೀ ಲಿನಕ್ಸ್ ಬೇಕಾದ ಸೆಮಿಸ್ಟರಿನಲ್ಲಿ ಪ್ರಿಸೀಡ್, ವಿಂಡೋಸ್ ಸೇರಿದರೆ ಫಾಗ್, ಎರಡೂ ಅದೇ ಹಳೆಯ ಡೆಸ್ಕ್‌ಟಾಪಿನಲ್ಲಿವೆ. ಮೂರು ಸಿಸ್ಟಂಗಳ ಬಯಾಸ್‌ನಲ್ಲಿ ನೆಟ್‌ವರ್ಕ್ ಬೂಟ್ ಆಯ್ಕೆಯೇ ಕಾಣಲಿಲ್ಲ. ಅವಕ್ಕೆ ಪೆನ್‌ಡ್ರೈವಿನಲ್ಲಿ ಐಪಿಎಕ್ಸ್‌ಇ ಹಾಕಿಕೊಂಡು ಬೂಟ್ ಮಾಡುತ್ತೇವೆ. ಅಟೆಂಡರ್ ಆ ಮೂರು ಪೆನ್‌ಡ್ರೈವನ್ನು ದಾರ ಕಟ್ಟಿ ಅವುಗಳ ಮಾನಿಟರಿಗೇ ನೇತುಹಾಕಿದ್ದಾರೆ.